ಗಡಿ ದಾಟಿ ಬಂದ ಕಾನೂನಿನ ಮೂಲ ಪಾಠ



2025ರ ಮಳೆಗಾಲದಲ್ಲಿ ಮೂಡಿಗೆರೆ ಕಡೆಯಿಂದ ನಮ್ಮ ಭಾವ ಬೆಂಗಳೂರಿಗೆ ಬಂದಿದ್ದರು. ಅವರದು ಏಳು ಎಕರೆ ಕಾಫಿ ತೋಟ, ನಡುನಡುವೆ ಮೆಣಸಿನ ಬಳ್ಳಿ. ಊಟವಾದ ಮೇಲೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರವಿದರು. 'ನೀನು ಇಷ್ಟು ವರ್ಷ ಕಾನೂನು ಕಾಲೇಜಿನ ಲೈಬ್ರರಿಯಲ್ಲಿ ಕೂತವನು ಮಾರಾಯ. ಇದು ನಿಜವೋ ಸುಳ್ಳೋ ನೋಡಿ ಹೇಳು' ಎಂದರು. ಕಾಗದದಲ್ಲಿ ಕಾಫಿ, ಕೋಕೊ, ರಬ್ಬರು, ಮರಮಟ್ಟು ಇವುಗಳ ಪಟ್ಟಿ ಇತ್ತು. ಕಾಡು ಕಡಿದು ಬೆಳೆದ ಕಾಫಿಯನ್ನು ಇನ್ನು ಮುಂದೆ ಯೂರೋಪಿನೊಳಕ್ಕೆ ಬಿಡುವುದಿಲ್ಲ, ತೋಟ ಎಲ್ಲಿದೆಯೆಂದು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು, 2024ರ ಡಿಸೆಂಬರ್ 30ರಿಂದ ಇದು ಜಾರಿ ಎಂದೂ ಇತ್ತು. ಬರೆದವರು ಯಾರು, ಎಲ್ಲಿಂದ ತೆಗೆದದ್ದು, ಒಂದೂ ಇರಲಿಲ್ಲ. ಯಾರೋ ಫೋನಿಗೆ ಕಳಿಸಿದ್ದನ್ನು ಇನ್ಯಾರೋ ಪ್ರಿಂಟ್ ಹಾಕಿಸಿ ಹಂಚಿದ್ದರು.

ಆ ಕಾಗದದಲ್ಲಿದ್ದದ್ದು ಬಹುಮಟ್ಟಿಗೆ ಸುಳ್ಳಲ್ಲ. ಆದರೆ ಅದರ ಕಾಲ ಮುಗಿದಿತ್ತು. ಆ ತಾರೀಖು ಬದಲಾಗಿ ಏಳೆಂಟು ತಿಂಗಳೇ ಕಳೆದಿದ್ದವು. ಇಂದಿನ ಮಾತುಕತೆ ಅದರ ಬಗ್ಗೆಯೇ: ಒಂದು ದೇಶದ್ದಲ್ಲದ, ಹಲವು ದೇಶಗಳ ಮೇಲೆ ನಿಂತ ಕಾನೂನನ್ನು ಅದರ ಮೂಲದಲ್ಲೇ ಹುಡುಕಿ ಓದುವುದು ಹೇಗೆ ಎಂಬುದರ ಬಗ್ಗೆ.

ಇಂಥ ಕಾನೂನನ್ನು ರಾಷ್ಟ್ರಾತೀತ ಕಾನೂನು ಎನ್ನುತ್ತೇವೆ. ಅಂತರರಾಷ್ಟ್ರೀಯ ಕಾನೂನೇ ಬೇರೆ, ಇದೇ ಬೇರೆ. ಅಂತರರಾಷ್ಟ್ರೀಯ ಒಪ್ಪಂದಕ್ಕೆ ದೇಶಗಳು ಸಹಿ ಹಾಕುತ್ತವೆ, ಆಮೇಲೆ ಅದನ್ನು ತಮ್ಮ ನೆಲದಲ್ಲಿ ನಡೆಸುವುದೋ ಬಿಡುವುದೋ ಬಹುಮಟ್ಟಿಗೆ ಅವುಗಳ ಕೈಯಲ್ಲೇ ಇರುತ್ತದೆ. ರಾಷ್ಟ್ರಾತೀತ ವ್ಯವಸ್ಥೆಯಲ್ಲಿ ದೇಶಗಳು ತಮ್ಮ ಅಧಿಕಾರದ ಒಂದು ಪಾಲನ್ನು ಮೇಲಿನ ಸಂಸ್ಥೆಗೆ ಬಿಟ್ಟುಕೊಟ್ಟಿರುತ್ತವೆ. ಆ ಸಂಸ್ಥೆ ಮಾಡಿದ ನಿಯಮ ನೇರವಾಗಿ ಆ ದೇಶಗಳ ಪ್ರಜೆಗಳಿಗೂ ವ್ಯಾಪಾರಿಗಳಿಗೂ ತಟ್ಟುತ್ತದೆ. 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಈ ಆರು ದೇಶಗಳು ಪ್ಯಾರಿಸ್‌ನಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಒಪ್ಪಂದಕ್ಕೆ ಸಹಿ ಹಾಕಿದವು. ಇಂದಿನ ಐರೋಪ್ಯ ಒಕ್ಕೂಟದ ಬೇರು ಅಲ್ಲಿದೆ.

ಈ ಕಾನೂನಿಗೆ ಜೀವ ತುಂಬಿದ್ದು ಎರಡು ಸಣ್ಣ ಜಗಳಗಳು. ಡಚ್ ಸಾಗಣೆ ಕಂಪನಿಯೊಂದು ಜರ್ಮನಿಯಿಂದ ಯೂರಿಯಾ ಫಾರ್ಮಾಲ್ಡಿಹೈಡ್ ತರಿಸಿತು. ಅದರ ಮೇಲಿನ ಸುಂಕ ಶೇಕಡಾ 3ರಿಂದ 8ಕ್ಕೆ ಏರಿತ್ತು. ಆ ಆರು ದೇಶಗಳು ಆಮೇಲೆ ಮಾಡಿಕೊಂಡ ಇನ್ನೊಂದು ಒಪ್ಪಂದದ ಪ್ರಕಾರ ಸುಂಕ ಏರಿಸುವಂತಿಲ್ಲ ಎಂದು ಕಂಪನಿ ವಾದಿಸಿತು. 1963ರ ಫೆಬ್ರವರಿ 5ರಂದು ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯ, ಈ ಒಪ್ಪಂದವನ್ನು ಹಿಡಿದು ಸಾಮಾನ್ಯ ಪ್ರಜೆಯೂ ತನ್ನ ದೇಶದ ನ್ಯಾಯಾಲಯದಲ್ಲಿ ಹಕ್ಕು ಕೇಳಬಹುದು ಎಂದಿತು. ಇನ್ನು ಇಟಲಿಯ ಮಿಲಾನ್‌ನಲ್ಲಿ ವಕೀಲರೊಬ್ಬರು 1,925 ಲೀರಾದ ಕರೆಂಟ್ ಬಿಲ್ ಕಟ್ಟಲು ಒಪ್ಪಲಿಲ್ಲ. ಆ ಜಗಳದಿಂದ 1964ರಲ್ಲಿ ಬಂದ ತೀರ್ಪು ಇನ್ನೂ ಮುಂದೆ ಹೋಗಿ, ಸದಸ್ಯ ದೇಶದ ಕಾನೂನು ಒಕ್ಕೂಟದ ಕಾನೂನಿಗೆ ಎದುರಾದರೆ ಒಕ್ಕೂಟದ ಕಾನೂನೇ ಮೇಲು ಎಂದು ಹೇಳಿತು. ಮೊದಲನೆಯದು ವಾನ್ ಗೆಂಡ್ ಎನ್ ಲೋಸ್ ಪ್ರಕರಣ, ಎರಡನೆಯದು ಕೋಸ್ತಾ ಪ್ರಕರಣ. ಈ ವಿಷಯ ಓದುವ ವಿದ್ಯಾರ್ಥಿ ಮೊದಲು ಹುಡುಕಿ ಓದುವ ತೀರ್ಪುಗಳು ಇವೇ.

ನಾನು ಲೈಬ್ರರಿಗೆ ಸೇರಿದ ದಿನಗಳಲ್ಲಿ ಇವನ್ನು ಹುಡುಕುವುದೆಂದರೆ ತಿಂಗಳುಗಳ ಕೆಲಸ. ತೀರ್ಪುಗಳ ಸಂಪುಟ ನಮ್ಮಲ್ಲಿ ಇರುತ್ತಿರಲಿಲ್ಲ. ದೆಹಲಿಗೆ ಪತ್ರ ಬರೆಯಬೇಕು, ಅಲ್ಲಿನವರು ಜೆರಾಕ್ಸ್ ಮಾಡಿಸಿ ಅಂಚೆಗೆ ಹಾಕಬೇಕು. ಬಂದ ಪ್ರತಿಯಲ್ಲಿ ಒಂದು ಪುಟ ಬಿಟ್ಟುಹೋಗಿದ್ದರೆ ಮತ್ತೆ ಪತ್ರ. ಪಠ್ಯಪುಸ್ತಕದಲ್ಲಿ ಯಾರೋ ಬರೆದ ಸಾರಾಂಶವನ್ನೇ ತೀರ್ಪೆಂದು ನಂಬಿ ಪರೀಕ್ಷೆ ಬರೆದ ತಲೆಮಾರುಗಳಿವೆ.

ಈಗ ಹಾಗಿಲ್ಲ. ಐರೋಪ್ಯ ಒಕ್ಕೂಟದ ಎಲ್ಲ ಕಾನೂನೂ ಯೂರ್‌-ಲೆಕ್ಸ್ ಎಂಬ ಒಂದೇ ಜಾಲತಾಣದಲ್ಲಿದೆ. ಒಪ್ಪಂದಗಳು, ನಿಯಮಾವಳಿಗಳು, ಕರಡುಗಳು, ತೀರ್ಪುಗಳು ಎಲ್ಲವೂ ಅಲ್ಲುಂಟು. ಚಂದಾ ಇಲ್ಲ, ಪಾಸ್‌ವರ್ಡ್ ಬೇಕಿಲ್ಲ. ಮೂಡಿಗೆರೆಯಲ್ಲಿ ಕೂತವರಿಗೂ ಬ್ರಸೆಲ್ಸ್‌ನಲ್ಲಿ ಕೂತವರಿಗೂ ಒಂದೇ ಪುಟ ತೆರೆದುಕೊಳ್ಳುತ್ತದೆ. ನಾನು ಇದನ್ನು ಸಣ್ಣ ವಿಷಯವೆಂದು ಎಂದೂ ಎಣಿಸಿಲ್ಲ. ಕಾನೂನನ್ನು ಪಾಲಿಸು ಎನ್ನುವವರು ಆ ಕಾನೂನನ್ನು ಕೇಳಿದವರಿಗೆಲ್ಲ ಬಿಟ್ಟಿ ಕೊಡಬೇಕಾದದ್ದೇ ನ್ಯಾಯ.

ಭಾವನನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು ನಾವು ಹುಡುಕಿದ ರೀತಿಯನ್ನು ಹಾಗೆಯೇ ಹೇಳುತ್ತೇನೆ. ರೇಡಿಯೋದಲ್ಲಿ ಪರದೆ ತೋರಿಸಲಾಗದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಯೂರ್‌-ಲೆಕ್ಸ್‌ನ ಪ್ರತಿ ದಾಖಲೆಗೂ ಸೆಲೆಕ್ಸ್ ಸಂಖ್ಯೆ ಎಂಬ ಗುರುತು ಇರುತ್ತದೆ. ನಮ್ಮ ಜಮೀನಿಗೆ ಸರ್ವೆ ನಂಬರ್ ಇದ್ದ ಹಾಗೆ. ಕಾಫಿಗೆ ಸಂಬಂಧಿಸಿದ ಈ ಕಾನೂನಿನ ಸಂಖ್ಯೆ 32023ಆರ್1115. ಇದರಲ್ಲಿ ಬರುವ 'ಆರ್' ಇಂಗ್ಲಿಷಿನ ಅಕ್ಷರ. ಬಿಡಿಸಿ ಓದಿದರೆ ಅದೇ ತನ್ನ ಕುಲಗೋತ್ರ ಹೇಳುತ್ತದೆ. ಮೊದಲ 3 ಎಂದರೆ ಇದು ಶಾಸನದ ವಿಭಾಗ. 1 ಇದ್ದರೆ ಒಪ್ಪಂದ, 5 ಇದ್ದರೆ ಇನ್ನೂ ಚರ್ಚೆಯ ಹಂತದ ಕಾಗದ, 6 ಇದ್ದರೆ ತೀರ್ಪು. ಆಮೇಲಿನ ನಾಲ್ಕು ಅಂಕೆ ವರ್ಷ, 2023. 'ಆರ್' ಎಂದರೆ ನಿಯಮಾವಳಿ, ಅಂದರೆ ಸದಸ್ಯ ದೇಶಗಳಲ್ಲಿ ನೇರವಾಗಿ ನಡೆಯುವಂಥದ್ದು. ಆ ಜಾಗದಲ್ಲಿ 'ಎಲ್' ಇದ್ದರೆ ಅದು ನಿರ್ದೇಶನ. ನಿರ್ದೇಶನವಾದರೆ ಪ್ರತಿ ದೇಶವೂ ತನ್ನದೇ ಕಾನೂನು ಮಾಡಿ ಅದನ್ನು ಜಾರಿಗೆ ತರಬೇಕು. ಕೊನೆಯ 1115 ಆ ವರ್ಷದ ಕ್ರಮಸಂಖ್ಯೆ. ಈ ಲೆಕ್ಕ ಒಮ್ಮೆ ತಲೆಗೆ ಹತ್ತಿತೆಂದರೆ, ಯಾರೋ ಕರಡನ್ನು ತೋರಿಸಿ ಕಾನೂನೇ ಬಂತು ಎಂದು ಹೆದರಿಸಿದಾಗ ಮೊದಲ ಅಂಕೆ ನೋಡಿಯೇ ಹೆದರಿಕೆ ಬಿಡಬಹುದು.

ಒಂದು ಎಡವುವ ಜಾಗವನ್ನೂ ಹೇಳಿಬಿಡುತ್ತೇನೆ, ವಿದ್ಯಾರ್ಥಿಗಳು ಅಲ್ಲಿ ಬಿದ್ದದ್ದನ್ನು ಬಹಳ ಸಲ ನೋಡಿದ್ದೇನೆ. 2015ರ ಜನವರಿ 1ಕ್ಕೆ ಮೊದಲು ನಿಯಮಾವಳಿಗಳಲ್ಲಿ ಕ್ರಮಸಂಖ್ಯೆ ಮೊದಲು, ವರ್ಷ ಆಮೇಲೆ ಬರುತ್ತಿತ್ತು. ಒಕ್ಕೂಟದ ದಾಖಲೆಗಳನ್ನು ನೋಡುವ ಹಕ್ಕಿನ ನಿಯಮಾವಳಿ 1049/2001 ಹಾಗಿದೆ. ಅಲ್ಲಿಂದೀಚೆಗೆ ವರ್ಷವೇ ಮೊದಲು. ವೈಯಕ್ತಿಕ ಮಾಹಿತಿ ರಕ್ಷಣೆಯ ಪ್ರಸಿದ್ಧ ನಿಯಮಾವಳಿ 2016/679. ಹಳೆಯ ಅಭ್ಯಾಸದಲ್ಲಿ ಹುಡುಕಿದವರಿಗೆ ಬೇರೆಯದೇ ಕಾಗದ ಸಿಗುತ್ತದೆ, ಅಥವಾ ಏನೂ ಸಿಗುವುದಿಲ್ಲ.

ಕಾಫಿಯ ಕಾನೂನಿನ ಸಂಖ್ಯೆ ಹಾಕಿದೆವು, ಪುಟ ತೆರೆಯಿತು. ಮೇಲ್ಗಡೆ ಒಂದು ಹಸಿರು ಚುಕ್ಕೆ, ಅಂದರೆ ಕಾನೂನು ಜೀವಂತವಿದೆ. ಅದರ ಪಕ್ಕದಲ್ಲಿ, ಇದಕ್ಕೆ ತಿದ್ದುಪಡಿಯಾಗಿದೆ ಎಂಬ ಒಂದು ಸಾಲು, ಮತ್ತು ಒಂದು ತಾರೀಖು. ಬಹಳ ಜನ ಈ ಸಾಲನ್ನು ನೋಡದೆ ಕೆಳಗಿನ ಪಾಠಕ್ಕೆ ಇಳಿದುಬಿಡುತ್ತಾರೆ. ಕೆಳಗಿರುವುದು 2023ರ ಜೂನ್ 9ರಂದು ಒಕ್ಕೂಟದ ಗೆಜೆಟ್‌ನಲ್ಲಿ ಬಂದ ಮೊದಲ ಪಾಠ. ಅದರ 38ನೇ ಕಲಂನಲ್ಲಿ ಜಾರಿಯ ದಿನ 2024ರ ಡಿಸೆಂಬರ್ 30 ಎಂದೇ ಇದೆ. ಭಾವನ ಕಾಗದ ಬರೆದವರು ಅಲ್ಲಿಗೇ ನಿಂತಿದ್ದರು. ಮೇಲಿನ ತಿದ್ದುಪಡಿಯ ಸಾಲಿನಲ್ಲಿರುವ ತಾರೀಖನ್ನು ಒತ್ತಿದರೆ ಕ್ರೋಡೀಕೃತ ಪಾಠ ತೆರೆಯುತ್ತದೆ. ತಿದ್ದುಪಡಿಗಳನ್ನೆಲ್ಲ ಒಳಗೆ ಹೊಲಿದು, ಇವತ್ತಿಗೆ ಕಾನೂನು ಹೇಗಿದೆಯೋ ಹಾಗೆ ಓದಿಸುವ ಪಾಠ ಅದು. 2024ರ ಡಿಸೆಂಬರ್‌ನಲ್ಲಿ ಆದ 2024/3234 ಎಂಬ ತಿದ್ದುಪಡಿಯಿಂದ ಗಡುವು ಒಂದು ವರ್ಷ ಮುಂದೆ ಹೋಗಿ 2025ರ ಡಿಸೆಂಬರ್ 30 ಆಗಿತ್ತು.

'ಹಾಗಾದರೆ ಈ ಡಿಸೆಂಬರಿಗೆ' ಎಂದು ಭಾವ ಬೆರಳು ಮಡಿಸಿ ತಿಂಗಳು ಎಣಿಸಿದರು. ನಾನೂ ಹೌದೆಂದೆ. ಆದರೆ ಆ ಡಿಸೆಂಬರ್‌ನಲ್ಲೇ ಒಕ್ಕೂಟ ಮತ್ತೊಮ್ಮೆ ತಿದ್ದುಪಡಿ ತಂದು ಗಡುವನ್ನು 2026ರ ಡಿಸೆಂಬರ್ 30ಕ್ಕೂ, ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ 2027ರ ಜೂನ್ 30ಕ್ಕೂ ಒಯ್ದಿತು. ತಾರೀಖಷ್ಟೇ ಅಲ್ಲ, ಒಳಗಿನ ಕೆಲವು ನಿಯಮಗಳನ್ನೂ ಸಡಿಲಿಸಿತು. ಭಾವನಿಗೆ ಫೋನ್ ಮಾಡಿ, 'ನಾನು ಹೇಳಿದ ತಾರೀಖು ಹಳೆಯದಾಯಿತು ಭಾವ, ಹೊಸದನ್ನು ಬರೆದುಕೊಳ್ಳಿ' ಎಂದೆ. ಈ ಭಾಷಣ ಬರೆಯುವ ಹೊತ್ತಿಗೆ ನಿಂತಿರುವ ದಿನ ಅದು. ನೀವು ನನ್ನ ಮಾತನ್ನೂ ಕೊನೆಯದೆಂದು ಇಟ್ಟುಕೊಳ್ಳಬೇಡಿ, ಪುಟ ತೆರೆದು ಅಂದಿನ ದಿನವನ್ನು ನೋಡಿ.

ಕ್ರೋಡೀಕೃತ ಪಾಠದ ಬಗ್ಗೆ ವಕೀಲರಿಗೆ ಒಂದು ಎಚ್ಚರಿಕೆ. ಅದು ಓದುವ ಅನುಕೂಲಕ್ಕೆ ಮಾಡಿದ್ದು, ಅದಕ್ಕೆ ಕಾನೂನಿನ ಬಲವಿಲ್ಲ ಎಂದು ಆ ಪುಟದ ತಲೆಯಲ್ಲೇ ಬರೆದಿರುತ್ತಾರೆ. ನ್ಯಾಯಾಲಯದ ಮುಂದೆ ನಿಲ್ಲುವುದು ಒಕ್ಕೂಟದ ಅಧಿಕೃತ ಗೆಜೆಟ್‌ನಲ್ಲಿ ಪ್ರಕಟವಾದ ಪಾಠ ಮಾತ್ರ. 2013ರ ಜುಲೈ 1ರಿಂದ ಆ ಗೆಜೆಟ್‌ನ ವಿದ್ಯುನ್ಮಾನ ಆವೃತ್ತಿಯೇ ಅಧಿಕೃತ, ಕಾಗದದ್ದಲ್ಲ. ಅದೂ ಯೂರ್‌-ಲೆಕ್ಸ್‌ನಲ್ಲೇ ಇದೆ. ಇನ್ನೊಂದು ಮಾತು, ಕಾನೂನನ್ನು ಯಾಕೆ ಮಾಡಿದರೆಂದು ಹೇಳುವ ಉದ್ದನೆಯ ಪೀಠಿಕೆ ಕ್ರೋಡೀಕೃತ ಪಾಠದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅರ್ಥ ಬಿಡಿಸಲು ನ್ಯಾಯಾಧೀಶರು ಮತ್ತೆಮತ್ತೆ ಆ ಪೀಠಿಕೆಗೇ ಹೋಗುತ್ತಾರೆ. ಹಾಗಾಗಿ ಎರಡೂ ಪಾಠ ಅಕ್ಕಪಕ್ಕ ಇರಬೇಕು. ಕಾನೂನಿನ ಬಾಲ್ಯವೂ ಬೇಕೆಂದರೆ, 2021ರ ನವೆಂಬರ್ 17ರ ಐರೋಪ್ಯ ಆಯೋಗದ ಮೊದಲ ಕರಡಿನಿಂದ ಹಿಡಿದು ಐರೋಪ್ಯ ಸಂಸತ್ತಿನ ಮತದಾನದವರೆಗಿನ ಎಲ್ಲ ಹೆಜ್ಜೆಗಳೂ ಅದೇ ಪುಟದ ಕೊಂಡಿಯಲ್ಲಿ ಸಿಗುತ್ತವೆ.

ಭಾವನಿಗೆ ಬೇಕಾದ ಮುಖ್ಯ ವಿಷಯ ಎರಡನೇ ಕಲಂನ ವ್ಯಾಖ್ಯೆಗಳಲ್ಲಿತ್ತು. ತೋಟದ ಜಾಗವನ್ನು ಅಕ್ಷಾಂಶ ರೇಖಾಂಶದಲ್ಲಿ, ದಶಮಾಂಶ ಬಿಂದುವಿನ ಮುಂದೆ ಕನಿಷ್ಠ ಆರು ಅಂಕೆ ಬರುವಂತೆ ಕೊಡಬೇಕು. ನಾಲ್ಕು ಹೆಕ್ಟೇರ್ ದಾಟಿದ ಜಮೀನಾದರೆ ಸುತ್ತಲ ಗಡಿಯನ್ನೇ ಗುರುತಿಸಬೇಕು, ಅದರೊಳಗಿನದಾದರೆ ಒಂದು ಬಿಂದು ಸಾಕು. ನಾಲ್ಕು ಹೆಕ್ಟೇರ್ ಎಂದರೆ ಹೆಚ್ಚುಕಡಿಮೆ ಹತ್ತು ಎಕರೆ. 'ಹಾಗಾದರೆ ನಮ್ಮ ಏಳು ಎಕರೆಗೆ ಒಂದೇ ಬಿಂದು' ಎಂದು ಭಾವ ಹಗುರಾದರು. ಅವರ ಕಾಗದದಲ್ಲಿ ಎಲ್ಲರೂ ಸರ್ವೆ ಮಾಡಿಸಿ ನಕ್ಷೆ ಕೊಡಬೇಕೆಂದು ಇತ್ತು. ಅದನ್ನು ನಂಬಿ ಸರ್ವೆಗೆ ದುಡ್ಡು ಕೊಟ್ಟವರು ಅವರ ಪಕ್ಕದ ಊರಿನಲ್ಲೇ ಇದ್ದರಂತೆ. ಭಾರತದ ಕಾಫಿಯಲ್ಲಿ ದೊಡ್ಡ ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಹೊರಗೆ ಹೋಗುವುದರಲ್ಲಿ ಇಟಲಿ, ಜರ್ಮನಿಯಂಥ ಒಕ್ಕೂಟದ ದೇಶಗಳದ್ದೇ ದೊಡ್ಡ ಕೊಳ್ಳುವಿಕೆ. ಕೊಡಗು, ಚಿಕ್ಕಮಗಳೂರು, ಹಾಸನದ ಬಹುಪಾಲು ಬೆಳೆಗಾರರು ಸಣ್ಣ ಹಿಡುವಳಿಯವರು. ಅವರಿಗೆ ಒಂದು ಕಲಂನ ಒಂದು ವಾಕ್ಯ ಎಷ್ಟು ಮುಖ್ಯವೆಂದು ನನಗೆ ಅಂದು ಮನದಟ್ಟಾಯಿತು.

ಇನ್ನು ಭಾಷೆಯ ವಿಚಾರ. ಐರೋಪ್ಯ ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳು, 24ರಲ್ಲೂ ಕಾನೂನಿನ ಪಾಠಕ್ಕೆ ಸಮಾನ ಬಲ. ಮಾಲ್ಟಾದ ಭಾಷೆಯನ್ನಾಡುವವರು ಕೆಲವೇ ಲಕ್ಷ ಜನ, ಆದರೂ ಆ ಪಾಠ ಜರ್ಮನ್ ಪಾಠಕ್ಕಿಂತ ಕೆಳಗಲ್ಲ. ಯೂರ್‌-ಲೆಕ್ಸ್‌ನಲ್ಲಿ ಎರಡು ಮೂರು ಭಾಷೆಗಳ ಪಾಠವನ್ನು ಅಕ್ಕಪಕ್ಕದ ಅಂಕಣಗಳಲ್ಲಿ ತೆರೆಯುವ ಸೌಲಭ್ಯವಿದೆ. ಇದು ಅಲಂಕಾರಕ್ಕೆ ಇಟ್ಟದ್ದಲ್ಲ. ಅದರ ಬೆಲೆ ತಿಳಿಯಲು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಓದಿಸುವ ಒಂದು ತೀರ್ಪಿದೆ.

1969ರ ಮಾತು. ಯೂರೋಪಿನ ಗೋದಾಮುಗಳಲ್ಲಿ ಬೆಣ್ಣೆ ರಾಶಿ ಬಿದ್ದಿತ್ತು. ಸರ್ಕಾರದ ನೆರವಿನಲ್ಲಿ ಬದುಕುವವರಿಗೆ ಅದನ್ನು ಅಗ್ಗದ ದರದಲ್ಲಿ ಕೊಡಲು ಆಯೋಗ ಒಪ್ಪಿತು. ಬೆಣ್ಣೆ ಬೇಕಾದವರು ಅಂಗಡಿಯಲ್ಲಿ ಚೀಟಿ ತೋರಿಸಬೇಕು. ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಯುದ್ಧಸಂತ್ರಸ್ತರ ನೆರವು ಪಡೆಯುತ್ತಿದ್ದ ಸ್ಟೌಡರ್ ಎಂಬವರು ಆ ಚೀಟಿಗೆ ತಕರಾರು ತೆಗೆದರು. ಅದರ ಮೇಲೆ ಹೆಸರು ಬರೆಯಬೇಕಿತ್ತು. ಅಂಗಡಿಯವನಿಗೆ ನನ್ನ ಹೆಸರು ತೋರಿಸಿ, ನಾನು ನೆರವಿನ ಮೇಲೆ ಬದುಕುವವನೆಂದು ಯಾಕೆ ಒಪ್ಪಿಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಲಕ್ಸೆಂಬರ್ಗಿನ ನ್ಯಾಯಾಲಯ ಆಗಿನ ನಾಲ್ಕು ಭಾಷೆಗಳ ಪಾಠಗಳನ್ನು ಹರವಿಕೊಂಡು ನೋಡಿತು. ಜರ್ಮನ್ ಸೇರಿ ಎರಡು ಪಾಠಗಳಲ್ಲಿ ಹೆಸರಿರುವ ಚೀಟಿ ಎಂದಿತ್ತು. ಉಳಿದ ಎರಡರಲ್ಲಿ ಇಂಥವರದೆಂದು ಗುರುತು ಸಿಗುವ ಚೀಟಿ ಎಂದಷ್ಟೇ ಇತ್ತು, ಹೆಸರೇ ಬೇಕೆಂದಿರಲಿಲ್ಲ. ಪಾಠಗಳು ಬೇರೆಯಾದಾಗ ಒಂದನ್ನೇ ಹಿಡಿದು ತೀರ್ಮಾನಿಸಬಾರದು, ಉದ್ದೇಶ ಈಡೇರುವಂತೆ ಮನುಷ್ಯನಿಗೆ ಕಡಿಮೆ ಹೊರೆಯಾಗುವ ಅರ್ಥವನ್ನೇ ಹಿಡಿಯಬೇಕು ಎಂದು ನವೆಂಬರ್ 12ರಂದು ಹೇಳಿತು. ಮೂಲಭೂತ ಹಕ್ಕುಗಳ ರಕ್ಷಣೆ ಒಕ್ಕೂಟದ ಕಾನೂನಿನ ಒಳಗೇ ಅಡಗಿದೆ ಎಂಬ ಮಾತನ್ನು ಆ ನ್ಯಾಯಾಲಯ ಮೊದಲು ಆಡಿದ್ದೂ ಈ ಬೆಣ್ಣೆ ಚೀಟಿಯ ತೀರ್ಪಿನಲ್ಲೇ. ಮೂರು ನಾಲ್ಕು ಪುಟದ ತೀರ್ಪು, ಪ್ರಕರಣದ ಸಂಖ್ಯೆ 29/69. ಒಂದೇ ಭಾಷೆಯ ಪಾಠ ಓದಿ ಇದೇ ಕಾನೂನು ಎನ್ನುವ ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಹೆಸರು ಬೇಡವೆಂದ ಆ ಮನುಷ್ಯರ ಹೆಸರು ಕಾನೂನಿನ ಪುಸ್ತಕಗಳಲ್ಲಿ ಉಳಿದುಹೋಯಿತು, ಆಗಿನ ಪದ್ಧತಿ ಹಾಗಿತ್ತು. 2018ರ ಜುಲೈನಿಂದ ನ್ಯಾಯಾಲಯ ಸದಸ್ಯ ದೇಶಗಳಿಂದ ಬರುವ ಪ್ರಕರಣಗಳಲ್ಲಿ ವ್ಯಕ್ತಿಗಳ ಹೆಸರಿನ ಬದಲು ಅಕ್ಷರಗಳನ್ನು ಹಾಕತೊಡಗಿತು. ಅಕ್ಷರಗಳು ಒಂದರ ಹಾಗೆ ಒಂದಿದ್ದು ಗುರುತು ಸಿಗದಾದಾಗ, 2023ರ ಜನವರಿಯಿಂದ ಕಲ್ಪಿತ ಹೆಸರುಗಳನ್ನು ಕೊಡುತ್ತಿದೆ. ಆದ್ದರಿಂದ ಹೊಸ ತೀರ್ಪುಗಳನ್ನು ಹೆಸರು ಹಿಡಿದು ಹುಡುಕುವುದು ಕಷ್ಟ. ಸಂಖ್ಯೆ ಹಿಡಿದೇ ಹೋಗಬೇಕು. ಅದಕ್ಕೆ ಇ-ಸಿ-ಎಲ್-ಐ ಎಂಬ ತೀರ್ಪಿನ ಗುರುತುಸಂಖ್ಯೆ ಇದೆ. ನ್ಯಾಯಾಲಯದ್ದೇ ಆದ ಕ್ಯೂರಿಯಾ ತಾಣದಲ್ಲಿ ತೀರ್ಪಿನ ಜೊತೆಗೆ, ಆ ನ್ಯಾಯಾಲಯಕ್ಕೆ ಸ್ವತಂತ್ರ ಸಲಹೆ ಕೊಡುವ ಅಡ್ವೊಕೇಟ್ ಜನರಲ್ ಬರೆದ ಅಭಿಪ್ರಾಯವೂ ಸಿಗುತ್ತದೆ. ತೀರ್ಪು ಬಿಗಿಯಾಗಿರುತ್ತದೆ, ಅಭಿಪ್ರಾಯ ಬಿಡಿಸಿ ಹೇಳುತ್ತದೆ. ಹೊಸಬರು ಮೊದಲು ಅಭಿಪ್ರಾಯ ಓದುವುದು ಒಳ್ಳೆಯದು.

ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯವನ್ನು ಒಕ್ಕೂಟದ ನ್ಯಾಯಾಲಯವೆಂದು ತಿಳಿಯುವವರು ನಮ್ಮ ವಕೀಲರಲ್ಲೂ ಇದ್ದಾರೆ. ಅದು 46 ದೇಶಗಳ ಯೂರೋಪ್ ಮಂಡಳಿಗೆ ಸೇರಿದ್ದು, ಅದರ ತೀರ್ಪುಗಳು ಹುಡಾಕ್ ಎಂಬ ಬೇರೆ ಭಂಡಾರದಲ್ಲಿವೆ. ಯೂರೋಪಿನಾಚೆಗೂ ಇಂಥ ವ್ಯವಸ್ಥೆಗಳುಂಟು. ದಕ್ಷಿಣ ಅಮೆರಿಕದ ಆಂಡಿಸ್ ದೇಶಗಳಿಗೆ ಕೀಟೊದಲ್ಲಿ, ಪೂರ್ವ ಆಫ್ರಿಕದ ದೇಶಗಳಿಗೆ ಅರೂಷಾದಲ್ಲಿ, ಹೆಚ್ಚಾಗಿ ಫ್ರೆಂಚ್ ಬಳಸುವ ಆಫ್ರಿಕದ ದೇಶಗಳ ವ್ಯಾಪಾರ ಕಾನೂನಿಗೆ ಆಬಿಜಾನ್‌ನಲ್ಲಿ ನ್ಯಾಯಾಲಯಗಳಿವೆ. ಅವೂ ತಮ್ಮ ತೀರ್ಪುಗಳನ್ನು ಜಾಲದಲ್ಲಿ ಇಡುತ್ತಿವೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಲೋಬಲೆಕ್ಸ್ ತಾಣದ ಮಾರ್ಗದರ್ಶಿಗಳು ಬಹಳ ಉಪಯುಕ್ತ. ಒಂದೊಂದು ದೇಶ, ಒಂದೊಂದು ಒಕ್ಕೂಟದ ಕಾನೂನು ಎಲ್ಲಿ ಸಿಗುತ್ತದೆಂದು ಬಲ್ಲವರು ಬರೆದ ದಾರಿಸೂಚಿಗಳು ಅವು.

ಈಚೆಗೆ ಬಹಳ ಜನ ಪ್ರಶ್ನೆಯನ್ನು ಚಾಟ್‌ಬಾಟ್‌ಗೆ ಕೇಳಿ ಉತ್ತರ ಪಡೆಯುತ್ತಾರೆ. ಬೇಡವೆಂದು ಹೇಳಲಾರೆ. ಆದರೆ 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಇಬ್ಬರು ವಕೀಲರು, ಯಂತ್ರ ಹೆಣೆದುಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು. ನನ್ನ ಬಳಿಯೂ ಒಬ್ಬ ವಿದ್ಯಾರ್ಥಿನಿ ಒಂದು ಪ್ರಕರಣದ ಸಂಖ್ಯೆ ತಂದಿದ್ದಳು. ಹೆಸರು, ವರ್ಷ ಎಲ್ಲ ಚೊಕ್ಕವಾಗಿತ್ತು. ಯೂರ್‌-ಲೆಕ್ಸ್‌ನಲ್ಲಿ ಹಾಕಿ ನೋಡಿದರೆ ಆ ಸಂಖ್ಯೆಯಲ್ಲಿದ್ದದ್ದು ಬೇರೆಯದೇ ವಿಷಯದ ತೀರ್ಪು. ಪರೀಕ್ಷಿಸಲು ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷವನ್ನು ಯಾರೂ ಉಳಿಸಲು ಹೋಗಬಾರದು.

ಕೊನೆಯದಾಗಿ ಒಂದು ಕೋರಿಕೆ. ಆ 24 ಭಾಷೆಗಳಲ್ಲಿ ಕನ್ನಡ ಇಲ್ಲ, ಇರುವ ಕಾರಣವೂ ಇಲ್ಲ. ಆದರೆ ಆ ಕಾನೂನು ತಟ್ಟುವ ಕೈಗಳು ಕನ್ನಡದ ಕೈಗಳು. ಚಿಕ್ಕಮಗಳೂರು, ಹಾಸನ, ಮಡಿಕೇರಿಯ ಕಾನೂನು ವಿದ್ಯಾರ್ಥಿಗಳೇ, ಗ್ರಂಥಾಲಯದವರೇ, ನಿಮ್ಮ ಊರಿನ ಬೆಳೆಗಾರರ ಸಂಘದಲ್ಲಿ ತಿಂಗಳಿಗೊಂದು ಸಂಜೆ ಕೂತು, ಆ ದಿನದ ಕ್ರೋಡೀಕೃತ ಪಾಠ ತೆರೆದು, ಬೇಕಾದ ಕಲಂಗಳನ್ನು ಕನ್ನಡದಲ್ಲಿ ಓದಿ ಹೇಳಿ. ಹೇಳುವಾಗ ಪುಟದ ತಾರೀಖನ್ನೂ ಹೇಳಿ, ಬರೆದುಕೊಡುವುದಾದರೆ ತಾರೀಖನ್ನು ಕಾಗದದ ತಲೆಯಲ್ಲೇ ಬರೆಯಿರಿ. ಬೆಳೆಗಾರ ಬಂಧುಗಳೇ, ಯಾರಾದರೂ ಕಾಗದ ಹಿಡಿದು ಬಂದರೆ ಅದರ ಮೇಲೆ ಸಂಖ್ಯೆ ಇದೆಯೇ, ತಾರೀಖು ಇದೆಯೇ ಎಂದು ಮೊದಲು ಕೇಳಿ. ಪೆನ್ನು ಹತ್ತಿರ ಇರುವವರು ಬರೆದುಕೊಳ್ಳಿ, ಸಂಖ್ಯೆಯನ್ನು ಇನ್ನೊಮ್ಮೆ ನಿಧಾನವಾಗಿ ಹೇಳುತ್ತೇನೆ: ಮೂರು, ಎರಡು ಸಾವಿರದ ಇಪ್ಪತ್ತಮೂರು, ಇಂಗ್ಲಿಷಿನ ಆರ್, ಹನ್ನೊಂದು, ಹದಿನೈದು.